ಅಚ್ಚಿನ ಇಂಗ್ಲಿಷ್ ಯಾರದು?

ನಕ್ಷತ್ರಗಳ ದೂರವನ್ನೂ ಪರಮಾಣುವಿನ ತೂಕವನ್ನೂ ಅಳೆದು ಹೇಳುವ ಹಾಗೆ, ಒಂದು ದೇಶದ ಜನ ಬರೆಯುವ ಭಾಷೆಯನ್ನೂ ಅಳೆದು ಲೆಕ್ಕದ ಹಿಡಿತಕ್ಕೆ ತರಬಹುದೆಂಬ ವಿಶ್ವಾಸ ಭಾಷಾಶಾಸ್ತ್ರಜ್ಞರಲ್ಲಿ ಬಲಗೊಂಡದ್ದು ಗಣಕಯಂತ್ರವು ಅವರ ಕೈಗೆ ಬಂದ ಮೇಲೆ. ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ಪ್ರಾವಿಡೆನ್ಸ್ ನಗರದಲ್ಲಿ ಬ್ರೌನ್ ವಿಶ್ವವಿದ್ಯಾನಿಲಯವೆಂಬುದೊಂದು ಉಂಟು. ಅಲ್ಲಿನ ನೆಲ್ಸನ್ ಫ್ರಾನ್ಸಿಸ್ ಮತ್ತು ಹೆನ್ರಿ ಕುಚೆರಾ ಎಂಬ ಇಬ್ಬರು ವಿದ್ವಾಂಸರು, 1961ನೆಯ ಇಸವಿಯಲ್ಲಿ ಆ ದೇಶದಲ್ಲಿ ಅಚ್ಚಾಗಿ ಹೊರಬಿದ್ದ ವೃತ್ತಪತ್ರಿಕೆ, ಕಾದಂಬರಿ, ಶಾಸ್ತ್ರಗ್ರಂಥ, ಧರ್ಮಬೋಧೆ, ಸರ್ಕಾರಿ ವರದಿ ಮೊದಲಾದ ನಾನಾ ಬಗೆಯ ಬರಹಗಳಿಂದ ತಲಾ ಎರಡು ಸಾವಿರ ಪದಗಳ 500 ತುಣುಕುಗಳನ್ನು ಆಯ್ದು, ಒಟ್ಟು ಹತ್ತು ಲಕ್ಷ ಪದಗಳ ರಾಶಿಯೊಂದನ್ನು ಕಟ್ಟಿದರು. ಇಂತಹ ರಾಶಿಗೆ ಭಾಷಾಶಾಸ್ತ್ರದಲ್ಲಿ ಕಾರ್ಪಸ್ ಎಂದು ಹೆಸರು; ಪಠ್ಯಭಂಡಾರವೆಂದರೂ ಸಲ್ಲುವುದು. ಅದೇ 1961ರ ಬ್ರಿಟಿಷ್ ಬರಹಗಳನ್ನು ಅದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಂಗ್ರಹಿಸಿ, ಲ್ಯಾಂಕಾಸ್ಟರ್, ಓಸ್ಲೋ, ಬರ್ಗನ್ ಎಂಬ ಮೂರು ಊರುಗಳ ವಿದ್ವಾಂಸರು ಇನ್ನೊಂದು ಭಂಡಾರವನ್ನು ಕಟ್ಟಿ 1978ರಲ್ಲಿ ಮುಗಿಸಿದರು. ನಮ್ಮ ಬೆಳಗಾವಿಗೆ ನೆರೆಯೂರೆನ್ನಬಹುದಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಎಸ್. ವಿ. ಶಾಸ್ತ್ರಿಯವರು 1978ರ ಭಾರತೀಯ ಇಂಗ್ಲಿಷ್ ಬರಹಗಳನ್ನು ಹಿಡಿದು ಹತ್ತು ಲಕ್ಷ ಪದಗಳ ಮತ್ತೊಂದು ಭಂಡಾರವನ್ನು ಸಿದ್ಧಪಡಿಸಿದರು. ಆಸ್ಟ್ರೇಲಿಯದ ಮೆಕ್ವಾರಿ ವಿಶ್ವವಿದ್ಯಾನಿಲಯದವರು 1986ರ ಬರಹಗಳನ್ನು ತೆಗೆದುಕೊಂಡರು. ಜರ್ಮನಿಯ ಫ್ರೈಬರ್ಗಿನಲ್ಲಿ ಬ್ರಿಟನ್ನಿನ 1991ರ ಮತ್ತು ಅಮೆರಿಕದ 1992ರ ಭಂಡಾರಗಳು ತಯಾರಾಗಿ, ಮೂವತ್ತು ವರ್ಷಗಳ ಅಂತರದಲ್ಲಿ ಎರಡು ದೇಶಗಳ ಇಂಗ್ಲಿಷ್ ಹೇಗೆ ಸರಿದಿದೆಯೆಂದು ನೋಡುವ ಸಾಧನ ಸಿದ್ಧವಾಯಿತು.

ಈ ಸಾಧನಗಳಿಂದ ಲಭ್ಯವಾದ ಜ್ಞಾನ ಅಲ್ಪವಾದುದಲ್ಲ. ಅಮೆರಿಕದವರು ಇಂತಹ ಪದವನ್ನು ಹೆಚ್ಚಾಗಿ ಬಳಸುತ್ತಾರೆ, ಬ್ರಿಟಿಷರು ಇಂತಹ ರಚನೆಯನ್ನು ಬಿಟ್ಟುಕೊಡುತ್ತಿದ್ದಾರೆ, ಭಾರತೀಯರ ವಾಕ್ಯದಲ್ಲಿ ಇಂತಹ ಒಲವು ಇದೆ ಎಂದು ಅಂಕಿ ಅಂಶಗಳ ಬಲದಿಂದ ಹೇಳುವ ಧೈರ್ಯ ವಿದ್ವಾಂಸರಿಗೆ ಬಂದದ್ದು ಇವುಗಳ ದೆಸೆಯಿಂದಲೇ. ಆದರೆ ಇವೆಲ್ಲವುಗಳ ತಳದಲ್ಲಿ ಒಂದು ತೊಡಕು ಕುಳಿತಿತ್ತು. ಅದು ಎಲ್ಲರಿಗೂ ಗೊತ್ತಿದ್ದ ತೊಡಕು, ಗೊತ್ತಿದ್ದುದರಿಂದಲೇ ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದದ್ದು. ಈ ಭಂಡಾರಗಳಲ್ಲಿರುವ ತುಣುಕುಗಳೆಲ್ಲವೂ ಅಚ್ಚಾದವು. ಅಚ್ಚಾದ ಬರಹವೆಂದರೆ ಬರೆದವನ ಕೈಯಿಂದ ನೇರವಾಗಿ ಓದುಗನ ಕೈಗೆ ಬಂದುದಲ್ಲ. ನಡುವೆ ಒಬ್ಬನೋ ಇಬ್ಬರೋ ಅದನ್ನು ಓದಿ, ಒಡೆದು, ಸೇರಿಸಿ, ಹೊಡೆದುಹಾಕಿ, ಕಾಗುಣಿತ ಬದಲಿಸಿ, ವಿರಾಮಚಿಹ್ನೆಗಳನ್ನು ಕದಲಿಸಿ ಮುಂದಕ್ಕೆ ಕಳುಹಿಸಿದ್ದು. ಹಾಲಿನಲ್ಲಿ ಎಷ್ಟು ಕೆನೆ ಇದೆಯೆಂದು ಅಳೆಯಹೊರಟವನು ಒಬ್ಬರು ಕೆನೆ ತೆಗೆದ ಮೇಲಿನ ಹಾಲನ್ನು ತಂದು ಅಳೆದರೆ ಅವನಿಗೆ ತಿಳಿಯುವುದು ಹಸುವಿನ ಗುಣವೋ ತೆಗೆದವರ ಕೈಗುಣವೋ? ಅಮೆರಿಕದ ಇಂಗ್ಲಿಷ್, ಭಾರತದ ಇಂಗ್ಲಿಷ್ ಎಂದು ನಾವು ಹೆಸರಿಟ್ಟು ಕರೆಯುವ ಭೇದಗಳಲ್ಲಿ ಎಷ್ಟು ಪಾಲು ಆಯಾ ದೇಶದ ಲೇಖಕರದು, ಎಷ್ಟು ಪಾಲು ಆಯಾ ದೇಶದ ಸಂಪಾದಕರದು ಎಂಬ ಪ್ರಶ್ನೆಯನ್ನು ವಿಜ್ಞಾನ ಗಂಭೀರವಾಗಿ ಎತ್ತಿಕೊಂಡದ್ದು ತೀರ ಈಚೆಗೆ.

ಸಂಪಾದಕನೆಂದೊಡನೆ ಕನ್ನಡದ ಓದುಗರ ಕಣ್ಣಮುಂದೆ ನಿಲ್ಲುವ ಮೂರ್ತಿ ಅಗ್ರಲೇಖನ ಬರೆದು ಮಂತ್ರಿಗಳನ್ನು ನಡುಗಿಸುವ ಮಹಾಶಯನದು. ಈ ಅಧ್ಯಾಯದ ನಾಯಕ ಅವನಲ್ಲ. ವೃತ್ತಪತ್ರಿಕೆಯ ಡೆಸ್ಕಿನ ಮೇಲೆ ತಲೆಬಾಗಿ ಕುಳಿತ ಉಪಸಂಪಾದಕ, ಪ್ರಕಾಶನಸಂಸ್ಥೆಯ ಮೂಲೆಯಲ್ಲಿ ಹಸ್ತಪ್ರತಿಯನ್ನು ಸಾಲುಸಾಲಾಗಿ ತಿದ್ದುವ ಕಾಪಿ ಎಡಿಟರ್, ಅಚ್ಚುಕೂಟದಲ್ಲಿ ಕರಡು ನೋಡುವ ಪ್ರೂಫ್ ರೀಡರ್, ಅವರಿಗೂ ಹಿಂದೆ ಮೊಳೆ ಜೋಡಿಸುತ್ತಿದ್ದ ಕಂಪಾಸಿಟರ್ ಇವರೇ ನಮಗೆ ಬೇಕಾದವರು. ಇವರ ಹೆಸರು ಪುಸ್ತಕದ ಯಾವ ಪುಟದಲ್ಲಿಯೂ ಕಾಣದು. ಇವರ ಕೈ ಮಾತ್ರ ಪ್ರತಿ ಪುಟದಲ್ಲಿಯೂ ಇರುವುದು.

ಕಾಣದ ಈ ಕೈಯನ್ನು ಶಾಸ್ತ್ರೀಯವಾಗಿ ಹಿಡಿಯಬಹುದೆಂಬುದಕ್ಕೆ ಅತ್ಯಂತ ಸುಂದರವಾದ ನಿದರ್ಶನ ಷೇಕ್ಸ್‌ಪಿಯರನ ನಾಟಕಗಳ 1623ರ ಮೊದಲ ಸಂಪುಟದಲ್ಲಿ ದೊರೆಯುತ್ತದೆ. ‘ಫಸ್ಟ್ ಫೋಲಿಯೊ’ ಎಂದು ಪ್ರಸಿದ್ಧವಾದ ಈ ಗ್ರಂಥದಲ್ಲಿ ‘ಡೂ’, ‘ಗೋ’ ಎಂಬ ಸಾಮಾನ್ಯ ಪದಗಳು ಕೆಲವು ಪುಟಗಳಲ್ಲಿ ಕೊನೆಗೊಂದು ‘ಇ’ ಅಕ್ಷರವನ್ನು ಹೊತ್ತು, ಕೆಲವು ಪುಟಗಳಲ್ಲಿ ಅದಿಲ್ಲದೆ ಮುದ್ರಿತವಾಗಿವೆ. ‘ಹಿಯರ್’ ಎಂಬ ಪದವು ಒಂದೆಡೆ ಒಂದೇ ‘ಇ’ಯಿಂದಲೂ ಮತ್ತೊಂದೆಡೆ ಜೋಡಿ ‘ಇ’ಯಿಂದಲೂ ಬಂದಿದೆ. ಮೇಲುನೋಟಕ್ಕೆ ಇದು ಆ ಕಾಲದ ಕಾಗುಣಿತದ ಅರಾಜಕತೆಯಂತೆ ತೋರುವುದು. ಆದರೆ ವಿದ್ವಾಂಸರು ಪುಟಪುಟವನ್ನೂ ಎಣಿಸಿ ನೋಡಿದಾಗ ಈ ಅರಾಜಕತೆಯೊಳಗೆ ಒಂದು ಕ್ರಮ ಹೊರಬಿತ್ತು: ಒಂದು ಗುಂಪಿನ ಪುಟಗಳಲ್ಲಿ ಒಂದು ಬಗೆಯ ಕಾಗುಣಿತಗಳು ಕೂಡಿ ಬರುತ್ತವೆ, ಇನ್ನೊಂದು ಗುಂಪಿನಲ್ಲಿ ಇನ್ನೊಂದು ಬಗೆ. ಮಹಾಕವಿಯ ಕಾಗುಣಿತ ಪುಟಕ್ಕೊಮ್ಮೆ ಬದಲಾಗಿರಲಾರದಾದ್ದರಿಂದ, ಬದಲಾದದ್ದು ಮೊಳೆ ಜೋಡಿಸಿದವನ ಕೈ ಎಂದೇ ತೀರ್ಮಾನಿಸಬೇಕಾಯಿತು. ಅಮೆರಿಕದ ಚಾರ್ಲ್ಟನ್ ಹಿನ್ಮನ್ ಎಂಬ ಸಂಶೋಧಕರು, ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದಲ್ಲಿರುವ ಈ ಸಂಪುಟದ ಪ್ರತಿಗಳನ್ನು ಒಂದರ ಮೇಲೊಂದರ ಬಿಂಬ ಬೀಳುವಂತೆ ಮಾಡಿ ಹೋಲಿಸುವ ಯಂತ್ರವೊಂದನ್ನು ತಾವೇ ರಚಿಸಿಕೊಂಡು, ಬಹುಕಾಲ ದುಡಿದು, 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕನಿಷ್ಠ ಐವರು ಕಂಪಾಸಿಟರುಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಅವರ ಹೆಸರುಗಳು ತಿಳಿಯುವಂತಿರಲಿಲ್ಲವಾದ್ದರಿಂದ ಎ, ಬಿ, ಸಿ, ಡಿ, ಇ ಎಂದೇ ಕರೆಯಬೇಕಾಯಿತು. ಶತಮಾನಗಳಿಂದ ಜಗತ್ತು ಷೇಕ್ಸ್‌ಪಿಯರನ ಕಾಗುಣಿತವೆಂದು ನೋಡುತ್ತಿದ್ದುದು ಎಂದೋ ಮಣ್ಣಾದ ಐದಾರು ಮಂದಿ ಕೂಲಿಕಾರರ ಕಾಗುಣಿತ!

ಇಂತಹ ಸ್ವಾತಂತ್ರ್ಯ ಬಹುಕಾಲ ನಡೆಯಲಿಲ್ಲ. ಅಚ್ಚುಕೂಟಗಳು ದೊಡ್ಡವಾಗಿ, ಒಂದೇ ಪುಸ್ತಕದಲ್ಲಿ ಹತ್ತು ಕೈಗಳು ದುಡಿಯತೊಡಗಿದಂತೆ, ಹತ್ತೂ ಕೈಗಳು ಒಂದೇ ರೀತಿ ನಡೆಯಬೇಕೆಂಬ ಕಟ್ಟಳೆ ಅನಿವಾರ್ಯವಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಕನಾಗಿದ್ದ ಹೊರೇಸ್ ಹಾರ್ಟ್ 1893ರಲ್ಲಿ ತನ್ನ ಕಂಪಾಸಿಟರುಗಳ ಮತ್ತು ಕರಡು ನೋಡುವವರ ಉಪಯೋಗಕ್ಕಾಗಿ ನಿಯಮಗಳ ಒಂದು ಸಣ್ಣ ಪುಸ್ತಿಕೆಯನ್ನು ಅಚ್ಚು ಹಾಕಿಸಿದನು. 1904ರಲ್ಲಿ ಅದು ಸಾರ್ವಜನಿಕರಿಗೂ ಮಾರಾಟಕ್ಕೆ ಬಂದಿತು. ಅಟ್ಲಾಂಟಿಕಿನ ಆಚೆಗೆ ಚಿಕಾಗೊ ವಿಶ್ವವಿದ್ಯಾನಿಲಯದ ಮುದ್ರಣಾಲಯದಲ್ಲಿ ಕರಡು ನೋಡುವವರು ತಮ್ಮತಮ್ಮೊಳಗೆ ಇಟ್ಟುಕೊಂಡಿದ್ದ ಟಿಪ್ಪಣಿಯ ಹಾಳೆ ಬೆಳೆದು ಬೆಳೆದು 1906ರಲ್ಲಿ ಕೈಪಿಡಿಯಾಯಿತು. ಇಂದು ಅದು ಸಾವಿರ ಪುಟ ಮೀರಿದ ಮಹಾಗ್ರಂಥ. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ 1953ರಲ್ಲಿ ತನ್ನದೇ ಕೈಪಿಡಿಯನ್ನು ಹೊರತಂದಿತು. ಈ ಮೂರು ಪುಸ್ತಕಗಳನ್ನು ಬರೆದವರಾರೂ ಭಾಷಾಶಾಸ್ತ್ರಜ್ಞರಲ್ಲ. ಭಾಷೆಯ ಸತ್ಯವನ್ನು ಶೋಧಿಸುವುದು ಅವರ ಉದ್ದೇಶವೂ ಆಗಿರಲಿಲ್ಲ. ಒಂದು ಮನೆಯೊಳಗಿನ ಕೆಲಸ ಸುಸೂತ್ರವಾಗಿ ಸಾಗಬೇಕೆಂಬುದಷ್ಟೇ ಅವರ ಇಷ್ಟ. ಆದರೆ ಆ ಮನೆಗಳು ದೊಡ್ಡ ಮನೆಗಳಾಗಿದ್ದುದರಿಂದ ಮನೆಯ ಕಟ್ಟಳೆ ದೇಶದ ಕಟ್ಟಳೆಯಾಯಿತು. ಶಾಲೆಯ ಮೇಷ್ಟರು ಅದನ್ನೇ ವ್ಯಾಕರಣವೆಂದು ಮಕ್ಕಳಿಗೆ ಹೇಳಿಕೊಟ್ಟರು.

ಇದರಿಂದ ಒದಗಿದ ಒಂದು ಭ್ರಾಂತಿಯನ್ನು ಇಲ್ಲಿ ಹೇಳಿಬಿಡಬೇಕು. ‘ರಿಯಲೈಸ್’, ‘ಆರ್ಗನೈಸ್’ ಮುಂತಾದ ಪದಗಳನ್ನು ‘ಎಸ್’ ಅಕ್ಷರದಿಂದ ಬರೆದರೆ ಶುದ್ಧ ಬ್ರಿಟಿಷ್, ‘ಜೆಡ್’ನಿಂದ ಬರೆದರೆ ಅಮೆರಿಕನ್ ಎಂದು ನಮ್ಮಲ್ಲಿ ಓದಿದವರು ಸಹ ದೃಢವಾಗಿ ನಂಬಿರುವರು. ಆದರೆ ಗ್ರೀಕ್ ಮೂಲದ ಈ ಪ್ರತ್ಯಯವನ್ನು ‘ಜೆಡ್’ನಿಂದಲೇ ಬರೆಯತಕ್ಕದ್ದೆಂಬುದು ಆಕ್ಸ್‌ಫರ್ಡಿನ ಅಚ್ಚುಕೂಟದ ಹಳೆಯ ನಿಯಮ, ಅಲ್ಲಿನ ಮಹಾಕೋಶ ಇಂದಿಗೂ ಅದನ್ನೇ ಪಾಲಿಸುತ್ತದೆ, ಲಂಡನ್ನಿನ ವಿಜ್ಞಾನ ಪತ್ರಿಕೆ ‘ನೇಚರ್’ ಕೂಡ ಪಾಲಿಸುತ್ತದೆ. ಬ್ರಿಟನ್ನಿನ ವೃತ್ತಪತ್ರಿಕೆಗಳ ಉಪಸಂಪಾದಕರು ‘ಎಸ್’ ಅನ್ನು ಹಿಡಿದರು, ಆಸ್ಟ್ರೇಲಿಯ ಸರ್ಕಾರದ ಕೈಪಿಡಿಯವರೂ ಹಿಡಿದರು, ನಾವೂ ಹಿಡಿದೆವು. ಹೀಗಾಗಿ, ಬ್ರಿಟಿಷ್ ಎಂದು ನಾವು ಕಾಪಾಡುತ್ತಿರುವುದು ಬ್ರಿಟನ್ನಿನ ಒಂದು ಕೇರಿಯ ಪದ್ಧತಿ.

ಸಂಪಾದಕನ ನಿಯಮ ಎಲ್ಲೆಡೆಯೂ ಗೆಲ್ಲುವುದೆಂದಲ್ಲ. ಅಮೆರಿಕದ ಕೋಶಕಾರ ನೋವಾ ವೆಬ್‌ಸ್ಟರ್ 1806ರ ತನ್ನ ಕೋಶದಲ್ಲಿ ‘ಕಲರ್’, ‘ಆನರ್’ ಪದಗಳಿಂದ ‘ಯು’ ಅಕ್ಷರವನ್ನು ತೆಗೆದನು, ಅದು ನಿಂತಿತು; ‘ಟಂಗ್’, ‘ವಿಮೆನ್’ ಪದಗಳನ್ನು ನುಡಿದಂತೆ ಬರೆಯಬೇಕೆಂದನು, ಅದು ಬಿದ್ದುಹೋಯಿತು. ಒಂದು ಶತಮಾನದ ಮೇಲೆ, 1906ರಲ್ಲಿ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮುನ್ನೂರು ಪದಗಳ ಕಾಗುಣಿತವನ್ನು ಸರಳಗೊಳಿಸಿ ಇನ್ನು ಮುಂದೆ ಸರ್ಕಾರಿ ಕಾಗದಪತ್ರಗಳನ್ನು ಹಾಗೆಯೇ ಅಚ್ಚು ಮಾಡಬೇಕೆಂದು ಸರ್ಕಾರಿ ಮುದ್ರಕನಿಗೆ ಅಪ್ಪಣೆ ಕೊಟ್ಟರು. ಪತ್ರಿಕೆಗಳು ನಕ್ಕವು, ಪ್ರತಿನಿಧಿಸಭೆ ಹಳೆಯ ಕಾಗುಣಿತವೇ ಇರತಕ್ಕದ್ದೆಂದು ನಿರ್ಣಯ ಮಾಡಿತು, ಸೇನೆಗಳಿಗೆ ಅಧಿಪತಿಯಾದ ಅಧ್ಯಕ್ಷರು ಕಾಗುಣಿತದ ರಣರಂಗದಿಂದ ಹಿಂದೆಗೆದರು. ಲೇಖಕರೂ ಸುಮ್ಮನೆ ತಲೆಬಾಗುವವರಲ್ಲ. ತನ್ನ ಪುಸ್ತಕದ ವಿರಾಮಚಿಹ್ನೆಗಳನ್ನು ಕರಡು ನೋಡುವವನೊಬ್ಬ ಉತ್ತಮಪಡಿಸುತ್ತಿದ್ದಾನೆಂದು ತಿಳಿದ ಮಾರ್ಕ್ ಟ್ವೈನ್, ಅವನಿಗೆ ದೇವರ ಪ್ರಾರ್ಥನೆಗೂ ಅವಕಾಶ ಕೊಡದೆ ಗುಂಡಿಕ್ಕಬೇಕೆಂದು ತಂತಿ ಕಳುಹಿಸಿದುದಾಗಿ 1889ರಲ್ಲಿ ಮಿತ್ರನೊಬ್ಬನಿಗೆ ಬರೆದನಂತೆ. ಕರಡು ನೋಡುವವರ ವಂಶ ಮಾತ್ರ ನಿರ್ವಂಶವಾಗಲಿಲ್ಲ.

ದೇಶದೇಶಗಳ ಇಂಗ್ಲಿಷಿನ ನಡುವಣ ವ್ಯತ್ಯಾಸಗಳಲ್ಲಿ ಕೆಲವಂತೂ ಶುದ್ಧವಾಗಿ ಈ ವಂಶದ ಸೃಷ್ಟಿ. ಅವಕ್ಕೂ ಬಾಯಿಮಾತಿಗೂ ಯಾವ ಸಂಬಂಧವೂ ಇಲ್ಲ. ಮೂರು ವಸ್ತುಗಳನ್ನು ಹೆಸರಿಸುವಾಗ ಕೊನೆಯ ‘ಅಂಡ್’ಗೆ ಮುನ್ನ ಅಲ್ಪವಿರಾಮವನ್ನು ಹಾಕಬೇಕೋ ಬೇಡವೋ ಎಂಬ ವಾದ ಇಂತಹುದು. ಆಕ್ಸ್‌ಫರ್ಡಿನ ಅಚ್ಚುಕೂಟ ಹಾಕಬೇಕೆನ್ನುತ್ತದೆ, ಚಿಕಾಗೊ ಕೈಪಿಡಿಯೂ ಹಾಕಬೇಕೆನ್ನುತ್ತದೆ, ಅಸೋಸಿಯೇಟೆಡ್ ಪ್ರೆಸ್ ಸಾಮಾನ್ಯವಾಗಿ ಬೇಡವೆನ್ನುತ್ತದೆ. ಇದು ಕೆಲಸವಿಲ್ಲದವರ ಕಾಲಕ್ಷೇಪವೆಂದು ನಗಬಾರದು. ಅಮೆರಿಕದ ಮೇನ್ ಸಂಸ್ಥಾನದ ಶಾಸನಗಳ ಕರಡು ಸಿದ್ಧಪಡಿಸುವವರ ಕೈಪಿಡಿ ಈ ಅಲ್ಪವಿರಾಮವನ್ನು ಹಾಕಬೇಡಿರೆಂದು ಬೋಧಿಸುತ್ತಿದ್ದಿತು. ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಕೂಲಿ ಸಲ್ಲದ ಕೆಲಸಗಳ ಪಟ್ಟಿಯೊಂದು ಅಲ್ಲಿನ ಕಾನೂನಿನಲ್ಲಿ ಈ ಕಟ್ಟಳೆಯಂತೆ ಅಚ್ಚಾಗಿತ್ತು. ಪಟ್ಟಿಯ ಕೊನೆಯಲ್ಲಿ ಇದ್ದುದು ‘ಸಾಗಣೆಗಾಗಿ ಅಥವಾ ವಿತರಣೆಗಾಗಿ ಕಟ್ಟುವುದು’ ಎಂಬ ಒಂದೇ ಕೆಲಸವೋ, ‘ಸಾಗಣೆಗಾಗಿ ಕಟ್ಟುವುದು’ ಮತ್ತು ‘ವಿತರಿಸುವುದು’ ಎಂಬ ಎರಡು ಕೆಲಸಗಳೋ ಎಂಬುದು ಸ್ಪಷ್ಟವಿಲ್ಲವೆಂದು ಡೇರಿಯೊಂದರ ಹಾಲಿನ ಲಾರಿಗಳನ್ನು ನಡೆಸುವ ಚಾಲಕರು ನ್ಯಾಯಾಲಯಕ್ಕೆ ಹೋದರು. ತಾವು ವಿತರಿಸುವವರೇ ಹೊರತು ಕಟ್ಟುವವರಲ್ಲವೆಂಬುದು ಅವರ ವಾದ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪಕ್ಷವನ್ನು ಎತ್ತಿಹಿಡಿಯಿತು. 2018ರಲ್ಲಿ ಡೇರಿಯವರು ಐವತ್ತು ಲಕ್ಷ ಡಾಲರು ಕೊಟ್ಟು ರಾಜಿಯಾದರು. ನ್ಯಾಯಾಲಯದ ತೀರ್ಪಿನ ಬಳಿಕ ಶಾಸನಸಭೆಯವರು ಆ ಪಟ್ಟಿಗೆ ಅರ್ಧವಿರಾಮಗಳನ್ನೇ ತುಂಬಿ ತಿದ್ದುಪಡಿ ಮಾಡಿದರು.

ವಿರಾಮಚಿಹ್ನೆಗಳನ್ನು ದಾಟಿ ವಾಕ್ಯದ ಎಲುಬಿನೊಳಕ್ಕೆ ಸಂಪಾದಕನ ಕೈ ಇಳಿದುದಕ್ಕೆ ಪ್ರಮಾಣವೇನು? ಇಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ‘ನಾನು ಓದಿದ ಪುಸ್ತಕ’ ಎಂದು ಕನ್ನಡದಲ್ಲಿ ಹೇಳಿದರೆ ಮುಗಿಯಿತು. ಓದಿದ ಎಂಬ ಕೃದಂತವೇ ವಾಕ್ಯವನ್ನು ಪುಸ್ತಕಕ್ಕೆ ಕಟ್ಟಿಬಿಡುತ್ತದೆ. ಇಂಗ್ಲಿಷಿನಲ್ಲಿ ಈ ಕಟ್ಟಿಗೆ ಮೂರು ದಾರಿಗಳುಂಟು: ‘ದ ಬುಕ್ ವಿಚ್ ಐ ರೆಡ್’, ‘ದ ಬುಕ್ ದ್ಯಾಟ್ ಐ ರೆಡ್’, ಎರಡನ್ನೂ ಬಿಟ್ಟು ‘ದ ಬುಕ್ ಐ ರೆಡ್’. ಮೂರಕ್ಕೂ ಅರ್ಥವೊಂದೇ, ಮೂರೂ ಶತಮಾನಗಳಿಂದ ಒಳ್ಳೆಯ ಲೇಖಕರ ಬರಹದಲ್ಲಿ ನಡೆದುಬಂದವು. ಇಂಗ್ಲೆಂಡಿನ ಹೆನ್ರಿ ಫೌಲರ್ ಎಂಬ ಭಾಷಾಪ್ರೇಮಿ 1926ರ ತನ್ನ ಪ್ರಖ್ಯಾತ ಪ್ರಯೋಗಕೋಶದಲ್ಲಿ ಇವುಗಳಿಗೆ ಕೆಲಸ ಹಂಚಿಕೊಡಬೇಕೆಂದು ಸೂಚಿಸಿದನು: ಇಂತಹದೇ ಪುಸ್ತಕವೆಂದು ಗೊತ್ತುಮಾಡಿ ಹೇಳುವಲ್ಲಿ ‘ದ್ಯಾಟ್’, ಗೊತ್ತಾದ ಪುಸ್ತಕದ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸುವಲ್ಲಿ ಅಲ್ಪವಿರಾಮದ ಬಳಿಕ ‘ವಿಚ್’. ಹೀಗೆ ಮಾಡಿದರೆ ಸ್ಪಷ್ಟತೆ ಹೆಚ್ಚುವುದೆಂಬುದು ಅವನ ಆಶಯ. ಆದರೆ ಇದು ಬಹುಮಂದಿಯ ರೂಢಿಯೂ ಅಲ್ಲ, ಅತ್ಯುತ್ತಮ ಲೇಖಕರ ರೂಢಿಯೂ ಅಲ್ಲವೆಂಬುದನ್ನು ಆ ಪ್ರಾಮಾಣಿಕ ಮನುಷ್ಯ ಅಲ್ಲಿಯೇ ಒಪ್ಪಿಕೊಂಡಿದ್ದನು.

ಅವನ ಸ್ವದೇಶದಲ್ಲಿ ಈ ಸೂಚನೆಗೆ ದೊರೆತ ಆದರ ಅಷ್ಟಕ್ಕಷ್ಟೆ. ಅಮೆರಿಕದ ಸಂಪಾದಕರಿಗೆ ಮಾತ್ರ ಅದು ವೇದವಾಕ್ಯವಾಯಿತು. ಕಾರ್ನೆಲ್ ವಿಶ್ವವಿದ್ಯಾನಿಲಯದ ವಿಲಿಯಂ ಸ್ಟ್ರಂಕ್ 1918ರಲ್ಲಿ ತನ್ನ ವಿದ್ಯಾರ್ಥಿಗಳಿಗೆಂದು ಅಚ್ಚು ಹಾಕಿಸಿದ್ದ ಚಿಕ್ಕ ಪುಸ್ತಕದಲ್ಲಿ ಈ ನಿಯಮವೇ ಇರಲಿಲ್ಲ. ಆ ಪುಸ್ತಕವನ್ನು ಅವನ ಶಿಷ್ಯ, ‘ನ್ಯೂಯಾರ್ಕರ್’ ಪತ್ರಿಕೆಯ ಬರಹಗಾರ ಇ. ಬಿ. ವೈಟ್, 1959ರಲ್ಲಿ ಪರಿಷ್ಕರಿಸಿದಾಗ ನಿಯಮ ಒಳಕ್ಕೆ ಬಂದು ಕುಳಿತಿತು. ಅಲ್ಲಿಂದಾಚೆಗೆ ಅಮೆರಿಕದ ಕಾಲೇಜಿನಲ್ಲಿ ಪ್ರಬಂಧ ಬರೆದವರಾರೂ ಆ ಪುಸ್ತಕದಿಂದ ಸುಲಭವಾಗಿ ತಪ್ಪಿಸಿಕೊಂಡಂತೆ ಕಾಣುವುದಿಲ್ಲ.

ಲಾರ್ಸ್ ಹಿನ್ರಿಕ್ಸ್, ಬೆನೆಡಿಕ್ಟ್ ಸ್ಮ್ರೆಚಾನ್ಯಿ, ಆಕ್ಸೆಲ್ ಬೋಮನ್ ಎಂಬ ಮೂವರು ವಿದ್ವಾಂಸರು 2015ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮೊದಲಲ್ಲಿ ಹೇಳಿದ 1961ರ ಮತ್ತು 1991–92ರ ನಾಲ್ಕು ಭಂಡಾರಗಳನ್ನು ಜಾಲಿಸಿ, ಇಂತಹ 16,868 ಉಪವಾಕ್ಯಗಳನ್ನು ಹೊರತೆಗೆದು ಪರಿಶೀಲಿಸಿದರು. ಮೂವತ್ತು ವರ್ಷಗಳಲ್ಲಿ ‘ವಿಚ್’ ಕುಸಿದು ‘ದ್ಯಾಟ್’ ಏರಿದೆ. ಏರಿಕೆಯ ಮುಂಚೂಣಿಯಲ್ಲಿ ಅಮೆರಿಕವಿದೆ. ಬ್ರಿಟನ್ ಹಿಂದಿನಿಂದ ಬರುತ್ತಿದೆ. ಇದು ಸಂಪಾದಕರ ಕೆಲಸವೋ ಜನರ ನಾಲಗೆಯ ಕೆಲಸವೋ ಎಂದು ಬೇರ್ಪಡಿಸುವುದಕ್ಕೆ ಅವರು ಹೂಡಿದ ಉಪಾಯ ಮೆಚ್ಚತಕ್ಕದ್ದು. ಕೈಪಿಡಿಗಳು ನಿಷೇಧಿಸುವ ಇತರ ಪ್ರಯೋಗಗಳು ಅದೇ ತುಣುಕುಗಳಲ್ಲಿ ಎಷ್ಟೆಷ್ಟು ಇವೆಯೆಂದೂ ಅವರು ಎಣಿಸಿದರು. ನಿಯಮಕ್ಕೆ ತಲೆಬಾಗಿ ‘ದ್ಯಾಟ್’ ಹಾಕಿದ ಬರಹಗಳಲ್ಲಿ ಕರ್ಮಣಿ ಪ್ರಯೋಗವೂ ಕಡಿಮೆಯಿತ್ತು. ಕರ್ಮಣಿಯನ್ನು ಬಿಟ್ಟು ಕರ್ತರಿಯಲ್ಲಿ ಬರೆಯಿರೆಂಬುದು ಅದೇ ಕೈಪಿಡಿಗಳ ಇನ್ನೊಂದು ಆಜ್ಞೆಯೆಂಬುದನ್ನು ನೆನೆದರೆ, ಎರಡೂ ಒಂದೇ ಬಾವಿಯ ನೀರೆಂಬ ಸಂಶಯ ಬಲವಾಗುವುದು. ಆದರೆ ಉಳಿದ ನಿಷೇಧಗಳ ಪಾಲನೆಗೂ ಇದಕ್ಕೂ ಅಂತಹ ನಂಟು ಸಿಗಲಿಲ್ಲ. ಅಂದರೆ, ನಿಯಮದ ಪುಸ್ತಕ ಹೇಳಿದುದೆಲ್ಲವನ್ನೂ ಭಾಷೆ ಕೇಳಿಲ್ಲ. ಕೆಲವನ್ನು ಮಾತ್ರ ಕೇಳಿದೆ.

ಏಕೆ ಕೆಲವನ್ನು ಮಾತ್ರ? ಆ ಸಂಶೋಧಕರ ತೀರ್ಪಿನಲ್ಲಿ ಇದು ಬರಹವು ಆಡುಮಾತಿನ ಕಡೆಗೆ ವಾಲುವ ಒಂದು ಪ್ರವಾಹ. ಆ ಪ್ರವಾಹಕ್ಕೆ ಸಂಸ್ಥೆಗಳ ಬೆಂಬಲ ದೊರೆತಿದೆ. ಇಂಗ್ಲಿಷ್ ಮಾತನಾಡುವವನ ಬಾಯಲ್ಲಿ ‘ವಿಚ್’ ಎಂದೂ ಅಷ್ಟಾಗಿ ಓಡಾಡಿದ ಪದವಲ್ಲ, ‘ದ್ಯಾಟ್’ ಓಡಾಡಿದುದು. ಫೌಲರನ ನಿಯಮ ತಿಳಿದೋ ತಿಳಿಯದೆಯೋ ನದಿ ಹರಿಯುವ ದಿಕ್ಕಿನಲ್ಲಿಯೇ ಹುಟ್ಟು ಹಾಕಿತು. ರೂಸ್‌ವೆಲ್ಟರ ಅಪ್ಪಣೆ ಓದುವ ಕಣ್ಣಿನ ಅಭ್ಯಾಸಕ್ಕೆ ಎದುರಾಗಿ ನಿಂತಿತು. ‘ಟು’ ಎಂಬುದಕ್ಕೂ ಕ್ರಿಯಾಪದಕ್ಕೂ ನಡುವೆ ಕ್ರಿಯಾವಿಶೇಷಣವನ್ನು ತೂರಿಸಬಾರದೆಂದು ಸಂಪಾದಕರು ಒಂದು ಶತಮಾನ ಕಾಲ ಕೆಂಪು ಮಸಿ ಸುರಿಸಿದರೂ ಜನ ತೂರಿಸುತ್ತಲೇ ಬಂದರು. ಇಂದಿನ ಕೈಪಿಡಿಗಳೇ ಅದನ್ನು ದೋಷವೆನ್ನುವುದಿಲ್ಲ. ಸಂಪಾದಕನು ಭಾಷೆಯನ್ನು ಸೃಷ್ಟಿಸುವವನೆಂದು ಹೇಳುವುದು ಅತಿಶಯೋಕ್ತಿ. ಎರಡು ದಾರಿಗಳು ಸಮವಾಗಿ ತೆರೆದಿರುವಲ್ಲಿ ಒಂದನ್ನು ಮುಚ್ಚುವ ಅಧಿಕಾರ ಅವನಿಗುಂಟೆಂದರೆ ಸತ್ಯಕ್ಕೆ ಸಮೀಪವಾದೀತು. ದೇಶದಿಂದ ದೇಶಕ್ಕೆ ಮುಚ್ಚಿದ ದಾರಿ ಬೇರೆಬೇರೆಯಾದಾಗ, ಅದನ್ನೇ ನಾವು ಆ ದೇಶದ ಭಾಷೆಯ ಸ್ವಭಾವವೆಂದು ಬಣ್ಣಿಸುತ್ತೇವೆ.

ಲಂಡನ್ನು ನ್ಯೂಯಾರ್ಕುಗಳ ನಡುವಣ ಈ ವ್ಯವಹಾರ ಸಮಾನರ ವ್ಯವಹಾರ. ಇಂಗ್ಲಿಷ್ ಮನೆಮಾತಲ್ಲದ ದೇಶಗಳಲ್ಲಿ ಸಂಪಾದಕನ ಸ್ಥಾನ ಇದಕ್ಕಿಂತ ಸೂಕ್ಷ್ಮವಾದುದು; ಅಲ್ಲಿ ಯಾವುದು ತಪ್ಪು, ಯಾವುದು ಹೊಸತು ಎಂಬ ನಿರ್ಣಯವೇ ಅವನ ಕೈಯಲ್ಲಿರುವುದು. ನೈಜೀರಿಯದ ಲೇಗೋಸಿನಲ್ಲಿ ಸರ್ಕಾರಿ ಕಚೇರಿಯೊಂದರ ಜವಾನನಾಗಿದ್ದ ಆಮೋಸ್ ಟುಟುವೊಲ ಬರೆದ ‘ದ ಪಾಮ್-ವೈನ್ ಡ್ರಿಂಕರ್ಡ್’ ಎಂಬ ಅದ್ಭುತ ಕಥೆಯನ್ನು ಲಂಡನ್ನಿನ ಫೇಬರ್ ಸಂಸ್ಥೆ 1952ರಲ್ಲಿ ಪ್ರಕಟಿಸಿತು. ಅವನ ಇಂಗ್ಲಿಷ್ ಯೊರುಬಾ ಭಾಷೆಯ ಲಯದಲ್ಲಿ ನಡೆಯುವ, ವ್ಯಾಕರಣದ ಬೇಲಿಗಳನ್ನು ಲೆಕ್ಕಿಸದ ಇಂಗ್ಲಿಷ್. ಪ್ರಕಾಶಕರು ಅದನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟರು. ಬಿಟ್ಟುದಕ್ಕೆ ಸಾಕ್ಷಿಯೆಂಬಂತೆ, ತಮ್ಮ ತಿದ್ದುಪಡಿಗಳು ಕಾಣುವ ಹಾಗೆ ಹಸ್ತಪ್ರತಿಯ ಒಂದು ಪುಟದ ಪಡಿಯಚ್ಚನ್ನು ಪುಸ್ತಕದೊಳಗೇ ಸೇರಿಸಿದರು. ಡಿಲನ್ ಥಾಮಸನಂತಹ ಕವಿ ಪುಸ್ತಕವನ್ನು ಮೆಚ್ಚಿ ಹೊಗಳಿದನು. ನೈಜೀರಿಯದ ವಿದ್ಯಾವಂತರಲ್ಲಿ ಹಲವರಿಗೆ ಮಾತ್ರ ಅವಮಾನವಾದಂತಾಯಿತು: ತಮ್ಮವನ ತಪ್ಪುಗಳನ್ನು ಬಿಳಿಯರು ವಿನೋದಕ್ಕಾಗಿ ಉಳಿಸಿಕೊಂಡರೆಂದು ಅವರು ನೊಂದರು. ತಿದ್ದಿದರೆ ಅನ್ಯಾಯ, ತಿದ್ದದಿದ್ದರೆ ಅಪಹಾಸ್ಯ! ಸಂಪಾದಕನು ಕೈಯೆತ್ತಿದರೂ ಇಳಿಸಿದರೂ ಅದು ತೀರ್ಪೇ ಆಗುವ ವಿಚಿತ್ರ ಸನ್ನಿವೇಶ ಇದು.

ನಮ್ಮ ಮೈಸೂರಿನ ಆರ್. ಕೆ. ನಾರಾಯಣರ ಮೊದಲ ಕಾದಂಬರಿಯ ಕಥೆ ಇದಕ್ಕಿಂತ ಸೌಮ್ಯವಾದುದು. ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆದ ಆ ಹಸ್ತಪ್ರತಿ ಆಕ್ಸ್‌ಫರ್ಡಿನಲ್ಲಿದ್ದ ಮಿತ್ರರೊಬ್ಬರ ಮೂಲಕ ಇಂಗ್ಲೆಂಡಿನ ಕಾದಂಬರಿಕಾರ ಗ್ರಹಾಂ ಗ್ರೀನರ ಕೈ ಸೇರಿತು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಹೆಸರು ಗ್ರೀನರ ಸಲಹೆ, ನಾರಾಯಣಸ್ವಾಮಿ ಎಂಬುದನ್ನು ನಾರಾಯಣ್ ಎಂದು ಮೊಟಕುಗೊಳಿಸಿದ್ದೂ ಅವರದೇ ಸಲಹೆ. 1935ರಲ್ಲಿ ಪುಸ್ತಕ ಹೊರಬಂದಿತು. ಮುಂದಿನ ಕಾದಂಬರಿಗಳ ಇಂಗ್ಲಿಷನ್ನೂ ಗ್ರೀನ್ ಅಲ್ಲಲ್ಲಿ ಮಿತವಾಗಿ ತಿದ್ದುತ್ತಿದ್ದರು. ಇವರಿಬ್ಬರೂ ಮುಖತಃ ಭೇಟಿಯಾದದ್ದು ಇಪ್ಪತ್ತು ವರ್ಷ ಕಳೆದು, 1956ರಲ್ಲಿ. ನಾರಾಯಣರ ಗದ್ಯದ ನಿರಾಡಂಬರತೆ ನಾರಾಯಣರದೇ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಗದ್ಯವನ್ನು ಹಿಡಿದು ಭಾರತೀಯ ಇಂಗ್ಲಿಷಿನ ವ್ಯಾಕರಣ ಬರೆಯಹೊರಡುವವರು ಲಂಡನ್ನಿನ ಆ ಕೈಯನ್ನು ಮರೆಯಬಾರದು. ಹಾಸನದಲ್ಲಿ ಹುಟ್ಟಿದ ರಾಜಾರಾಯರ ‘ಕಾಂತಾಪುರ’ 1938ರಲ್ಲಿ ಲಂಡನ್ನಿನಲ್ಲಿಯೇ ಪ್ರಕಟವಾದರೂ, ಊರಜ್ಜಿಯೊಬ್ಬಳು ಉಸಿರು ಬಿಡದೆ ಕಥೆ ಹೇಳುವ ಕನ್ನಡದ ಓಟ ಅದರ ಇಂಗ್ಲಿಷಿನಲ್ಲಿ ಉಳಿದುಕೊಂಡಿದೆ. ಇಂಗ್ಲಿಷನ್ನು ಹೀಗೆ ಬರೆಯುವುದು ತಮ್ಮ ಸಂಕಲ್ಪವೆಂದು ಲೇಖಕರು ಮುನ್ನುಡಿಯಲ್ಲಿಯೇ ಸಾರಿದ್ದರು. ಸಂಕಲ್ಪವೆಂದು ಮೊದಲೇ ಸಾರಿದುದನ್ನು ತಪ್ಪೆಂದು ತಿದ್ದುವುದು ಯಾವ ಸಂಪಾದಕನಿಗೂ ಕಷ್ಟ.

ಕಥೆಗಳಿಂದ ಲೆಕ್ಕಕ್ಕೆ ಮರಳೋಣ. ದಕ್ಷಿಣ ಆಫ್ರಿಕದ ಹೈಡಿ ಕ್ರೂಗರ್ ಮತ್ತು ಬೆರ್ಟಸ್ ಫಾನ್ ರೋಯ್ ಎಂಬ ವಿದ್ವಾಂಸರು, ತಿದ್ದುವುದಕ್ಕೆ ಮುಂಚಿನ ಹಸ್ತಪ್ರತಿಯನ್ನೂ ತಿದ್ದಿದ ಬಳಿಕದ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸುವ ಮಾರ್ಗವನ್ನು ಹಿಡಿದರು. ಅಲ್ಲಿನ ಕರಿಯ ಜನರ ಇಂಗ್ಲಿಷಿನಲ್ಲಿ, ನಮ್ಮ ಇಂಗ್ಲಿಷಿನಲ್ಲಿರುವಂತೆಯೇ, ‘ಐ ಆಮ್ ಹ್ಯಾವಿಂಗ್’, ‘ಐ ಆಮ್ ನೋಯಿಂಗ್’ ಎಂಬ ಬಗೆಯ ಕ್ರಿಯಾರೂಪಗಳು ಉಂಟು. ಇರುವಿಕೆಯನ್ನೂ ಅರಿವನ್ನೂ ಹೇಳುವ ಕ್ರಿಯಾಪದಗಳಿಗೆ ‘ಇಂಗ್’ ಸಲ್ಲದೆಂಬುದು ಬ್ರಿಟಿಷ್ ವ್ಯಾಕರಣದ ಶಾಸನ. ಸಂಪಾದಕರು ಇವನ್ನು ಒಂದೇ ಸಮನಾಗಿ ಅಳಿಸಿರಲಿಲ್ಲವೆಂಬುದು ಹೋಲಿಕೆಯಿಂದ ಕಂಡುಬಂದಿತು. ಕೆಲವನ್ನು ತಿದ್ದಿದ್ದರು, ಕೆಲವನ್ನು ಹೋಗಗೊಟ್ಟಿದ್ದರು. ಹೋಗಗೊಟ್ಟದ್ದು ಅಚ್ಚಾಯಿತು, ಅಚ್ಚಾದದ್ದನ್ನು ಮುಂದಿನ ತಲೆಮಾರಿನ ಬರಹಗಾರ ಓದಿದ, ಓದಿದ್ದನ್ನು ಸರಿಯೆಂದು ಬಗೆದ. ಒಂದು ಹೊಸ ಪ್ರಯೋಗ ತಪ್ಪಿನ ದರ್ಜೆಯಿಂದ ರೂಢಿಯ ದರ್ಜೆಗೆ ಏರುವ ಬಾಗಿಲಲ್ಲಿ ಕುಳಿತ ಸಂಪಾದಕನು ತನ್ನ ಅರಿವಿಗೇ ಬಾರದಂತೆ ಭಾಷೆಯ ಮುಂದಿನ ಇತಿಹಾಸವನ್ನು ಬರೆಯುತ್ತಿರುವನು.

ನಮ್ಮ ವೃತ್ತಪತ್ರಿಕೆಗಳಲ್ಲಿ ಈ ಬಾಗಿಲು ಕೆಲವೆಡೆ ಉದಾರವಾಗಿ ತೆರೆದಿದೆ. ‘ಲಕ್ಷ’, ‘ಕೋಟಿ’ ಎಂಬುವನ್ನು ಭಾರತದ ಇಂಗ್ಲಿಷ್ ಪತ್ರಿಕೆ ಯಾವ ಸಂಕೋಚವೂ ಇಲ್ಲದೆ ಅಚ್ಚು ಹಾಕುತ್ತದೆ, ಅಂಕಿಗಳ ನಡುವಣ ಅಲ್ಪವಿರಾಮವನ್ನೂ ನಮ್ಮ ಎಣಿಕೆಯಂತೆಯೇ ಇಡುತ್ತದೆ. ಅದೇ ಸುದ್ದಿ ಅಂತಾರಾಷ್ಟ್ರೀಯ ಸುದ್ದಿಸಂಸ್ಥೆಯ ಮೂಲಕ ಹೊರದೇಶಕ್ಕೆ ಹೋಗುವಾಗ ‘ಮಿಲಿಯನ್’, ‘ಬಿಲಿಯನ್’ ಆಗಿ ವೇಷ ಬದಲಿಸುತ್ತದೆ. ಇದರ ವಿಲೋಮವೂ ಈಗ ನಡೆಯುತ್ತಿರುವುದು ಕುತೂಹಲದ ಸಂಗತಿ. ರಾಯಿಟರ್ಸ್ ಸಂಸ್ಥೆ 2004ರಲ್ಲಿ ಬೆಂಗಳೂರಿನಲ್ಲಿ ಸುದ್ದಿಮನೆ ತೆರೆದು ಅಮೆರಿಕದ ಕಂಪನಿಗಳ ವರದಿಗಳನ್ನು ಅಲ್ಲಿಂದಲೇ ಬರೆಯಿಸತೊಡಗಿತು. ಚೆನ್ನೈ, ಪುದುಚೇರಿ, ಬೆಂಗಳೂರುಗಳ ಕಚೇರಿಗಳಲ್ಲಿ ನೂರಾರು ತರುಣ ತರುಣಿಯರು ಬ್ರಿಟನ್ ಅಮೆರಿಕಗಳ ಪ್ರಾಧ್ಯಾಪಕರ ಗ್ರಂಥಗಳ ಕರಡನ್ನು, ಚಿಕಾಗೊ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದುತ್ತಿದ್ದಾರೆ. ಮನೆಯಲ್ಲಿ ತಮಿಳನ್ನೋ ಕನ್ನಡವನ್ನೋ ಆಡುವ ಕೈ, ಇಂಗ್ಲಿಷ್ ಮನೆಮಾತಾದವನ ‘ವಿಚ್’ ಅನ್ನು ಹೊಡೆದು ‘ದ್ಯಾಟ್’ ಬರೆಯುತ್ತಿದೆ. ನಾಳೆ ಯಾವನೋ ಸಂಶೋಧಕ ಆ ಗ್ರಂಥವನ್ನು ಭಂಡಾರಕ್ಕೆ ಸೇರಿಸಿ ಅದನ್ನು ಅಮೆರಿಕನ್ ಇಂಗ್ಲಿಷಿನ ಲಕ್ಷಣವೆಂದು ಎಣಿಸುವನು. ಎಣಿಕೆಯಲ್ಲಿ ದೋಷವಿರದು, ಹೆಸರಿನಲ್ಲಿ ಇರಬಹುದು. ಗಣಕಯಂತ್ರದ ಪರದೆಯ ಮೇಲೆ ಕರ್ಮಣಿ ಪ್ರಯೋಗದ ಕೆಳಗೆ ಬಣ್ಣದ ಅಲೆಗೆರೆ ಎಳೆಯುವ ಯಾಂತ್ರಿಕ ಸಂಪಾದಕನಂತೂ ಈಗ ದೇಶಾತೀತನಾಗಿ ಎಲ್ಲರ ಮೇಜಿನ ಮೇಲೂ ಕುಳಿತಿದ್ದಾನೆ.

ತಿದ್ದಿದ ಬರಹವನ್ನೂ ತಿದ್ದದ ಬರಹವನ್ನೂ ಜೊತೆಗಿಟ್ಟು ನೋಡದೆ ಈ ಶಾಸ್ತ್ರ ಮುಂದುವರಿಯದೆಂಬುದು ಇಷ್ಟರಿಂದ ಸ್ಪಷ್ಟವಾಗಿರಬೇಕು. ಲಂಡನ್ನಿನ ಸಿಡ್ನಿ ಗ್ರೀನ್‌ಬಾಮ್ 1988ರಲ್ಲಿ ಸೂಚಿಸಿ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಕಟ್ಟಿದ ಅಂತಾರಾಷ್ಟ್ರೀಯ ಇಂಗ್ಲಿಷ್ ಭಂಡಾರದಲ್ಲಿ, ಪ್ರತಿ ದೇಶದ 500 ತುಣುಕುಗಳ ಪೈಕಿ 300 ಆಡುಮಾತಿನವು, ಉಳಿದ 200 ಬರಹಗಳಲ್ಲಿ 50 ಅಚ್ಚು ಕಾಣದ ಕಾಗದಗಳು ಮತ್ತು ವಿದ್ಯಾರ್ಥಿಗಳ ಉತ್ತರಗಳು. ಆ ಐವತ್ತರಲ್ಲಿ ಯಾವ ಸಂಪಾದಕನ ಕೈಯೂ ಇಲ್ಲ. ಆದರೆ ಒಂದೇ ಬರಹದ ಎರಡೂ ಅವಸ್ಥೆಗಳು ದೊರೆಯುವುದು ಇಂದಿಗೂ ದುರ್ಲಭ. ಪುಸ್ತಕ ಹೊರಬಿದ್ದ ಮರುದಿನವೇ ತಿದ್ದಿದ ಕರಡು ರದ್ದಿಗೆ ಹೋಗುವುದು, ಗಣಕಯಂತ್ರದಲ್ಲಿದ್ದುದು ಅಳಿಸಿಹೋಗುವುದು. ನಮ್ಮ ನಾಡಿನ ಪ್ರಕಾಶಕರಲ್ಲಿಯೂ ಪತ್ರಿಕೆಗಳ ಡೆಸ್ಕಿನಲ್ಲಿ ಕುಳಿತ ಮಿತ್ರರಲ್ಲಿಯೂ, ಇಂಗ್ಲಿಷಿನವರೇ ಆಗಲಿ ಕನ್ನಡದವರೇ ಆಗಲಿ, ನನ್ನ ಪ್ರಾರ್ಥನೆ ಇಷ್ಟೇ: ಲೇಖಕರ ಒಪ್ಪಿಗೆ ಪಡೆದು, ತಿದ್ದುವುದಕ್ಕೆ ಮುಂಚಿನ ಪ್ರತಿಯನ್ನೂ ತಿದ್ದಿದ ಪ್ರತಿಯನ್ನೂ ಕಟ್ಟಿಟ್ಟು, ಹತ್ತಿರದ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಒಪ್ಪಿಸಿರಿ.